ಚೆನ್ನಾಗಿದೆ ಎಂಬ ಮಾತು

ಬಸ್ ನಿಲ್ದಾಣದಿಂದ ಇಳಿಜಾರಿನಲ್ಲಿ ಬಂದರೆ, ಚಪ್ಪಲಿ ರಿಪೇರಿಯ ಅಂಗಡಿಗೂ ಮುಚ್ಚಿಹೋದ ಅಂಚೆ ಕಚೇರಿಗೂ ನಡುವೆ ಒತ್ತರಿಸಿಕೊಂಡು ಕೂತಂತೆ ಒಂದು ಸಣ್ಣ ಹೋಟೆಲು. ಒಟ್ಟು ಆರು ಮೇಜು. ಏಳನೆಯದನ್ನು ಹಾಕಿದರೆ ಬಡಿಸುವವಳು ಏಡಿಯಂತೆ ಅಡ್ಡಡ್ಡ ನಡೆಯಬೇಕಾಗುತ್ತದೆಂದು ಹಾಕಿರಲಿಲ್ಲ. ಬಾಗಿಲ ಮೇಲೊಂದು ಬೋರ್ಡು ಇತ್ತು, ಬೋರ್ಡಿನ ಮೇಲೊಂದು ಹೆಸರೂ ಇತ್ತು. ಆದರೆ ಆ ಹೆಸರು ಹೇಳಿ ಕೇಳಿದರೆ ಪಕ್ಕದ ಅಂಗಡಿಯವನಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನ ಹೋಟೆಲು ಅಂದರೆ ಮಾತ್ರ ಎಲ್ಲರೂ ಕೈ ತೋರಿಸುತ್ತಿದ್ದರು.

ಅಕ್ಕ ಅಂದರೆ ಬಡಿಸುವವಳು. ಒಳಗೆ ಅಡುಗೆ ಮಾಡುವವನು ಅವಳ ಗಂಡ. ಅವಳು ಎಲ್ಲರಿಗೂ ಅಕ್ಕನಾದ ಮೇಲೆ ಅವನು ತಾನಾಗಿಯೇ ಇಡೀ ಬೀದಿಗೆ ಭಾವನಾಗಿಬಿಟ್ಟಿದ್ದ. ಅವನಿಗಿಂತ ಹತ್ತು ವರ್ಷ ದೊಡ್ಡವರಾದ ಟೀಚರಮ್ಮನೂ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. ಭಾವ ಅಂದ ಮೇಲೆ ಗೇಲಿ ಮಾಡುವ ಹಕ್ಕು ಬಂದೇ ಬರುತ್ತದೆ. ಅವನ ಹೊಟ್ಟೆಯನ್ನೂ ಬೋಳುತಲೆಯನ್ನೂ ಅವನ ಗೊರಕೆಯನ್ನೂ ಜನ ಊಟದ ಜೊತೆ ನಂಜಿಕೊಳ್ಳುತ್ತಿದ್ದರು. ಅವನ ಅಡುಗೆಯ ಬಗ್ಗೆ ಮಾತ್ರ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಅಡುಗೆ ಮಾಡುತ್ತಿದ್ದ. ಅವನ ಕಾಳಿನ ಸೂಪು ಕುಡಿದವರು, ಕೆಂಪಗೆ ಹುರಿದ ಈರುಳ್ಳಿಗಾಗಿ ಬಟ್ಟಲ ತಳ ಕೆರೆಯುತ್ತಿದ್ದರು.

ಆ ಹೋಟೆಲಿನಲ್ಲಿ ಒಂದು ಕಟ್ಟಳೆಯಿತ್ತು. ಯಾವ ಮೇಜಿನ ಮೇಲೂ ಉಪ್ಪಿನ ಡಬ್ಬಿ ಇಡುವಂತಿಲ್ಲ. ಯಾರಾದರೂ ಹೊಸಬರು ಕೇಳಿದರೆ ಭಾವ ಅಡುಗೆಮನೆಯ ಕಿಂಡಿಯಲ್ಲಿ ಮುಖ ತೂರಿಸಿ, "ಉಪ್ಪು ಕಡಿಮೆ ಆದ್ರೆ ನನ್ನ ಹತ್ರ ಬಂದು ಹೇಳಿ. ನನ್ನ ಅಡುಗೆಗೆ ನೀವು ಕೈ ಹಾಕ್ಬೇಡಿ" ಎನ್ನುತ್ತಿದ್ದ. ಅಹಂಕಾರ ಅನ್ನಿ, ಬೇಕಾದರೆ. ಇಷ್ಟು ವರ್ಷದಲ್ಲಿ ಹಾಗೆ ಬಂದು ಹೇಳಿದವರು ಯಾರೂ ಇರಲಿಲ್ಲ, ಆದ್ದರಿಂದ ಆ ಅಹಂಕಾರ ಅವನಿಗೆ ಒಪ್ಪುತ್ತಿತ್ತು.

ಅಕ್ಕನ ವಿಷಯ ಬೇರೆ. ಅವಳಿಗೆ ಊಟವೆಂದರೆ ಹೊಟ್ಟೆ ತುಂಬುವ ಒಂದು ಕೆಲಸ, ಅಷ್ಟೆ. ತವರಿನಲ್ಲಿ ತಾಯಿಗೆ ರಕ್ತದೊತ್ತಡ ಇತ್ತೆಂದು ಇಡೀ ಮನೆಯೇ ಸಪ್ಪೆ ಊಟ ಮಾಡಿ ಬೆಳೆದದ್ದು. "ನಿನಗೆ ಹುಲ್ಲು ಹಾಕಿದ್ರೂ ತಿಂದು ಬಾಯಿ ಒರೆಸ್ಕೋತೀಯ" ಎಂದು ಭಾವ ರೇಗಿಸುತ್ತಿದ್ದ. ಅವಳೇನು ಕಡಿಮೆ? "ಹುಲ್ಲಿಗಾದ್ರೆ ಇಷ್ಟೊಂದು ಪಾತ್ರೆ ತೊಳೆಯೋ ಕೆಲ್ಸ ಇರ್ತಿರ್ಲಿಲ್ಲ" ಎನ್ನುತ್ತಿದ್ದಳು. ಮುಖಕ್ಕೆ ಹೊಡೆದಂತೆ ಮಾತಾಡುವ ಹೆಂಗಸು. ಊರೆಲ್ಲ ಬಾಯಿ ಚಪ್ಪರಿಸಿದರೂ ಅವಳು ಗಂಡನ ಅಡುಗೆಯನ್ನು ಒಂದು ದಿನವೂ ಹೊಗಳಿದವಳಲ್ಲ. ಬಹಳ ಒಳ್ಳೆಯ ದಿನ, ಅಪರೂಪಕ್ಕೆ, ಬಟ್ಟಲು ಕೆಳಗಿಟ್ಟು 'ಪರವಾಗಿಲ್ಲ' ಅನ್ನುತ್ತಿದ್ದಳು. ಅವತ್ತಿಡೀ ಭಾವ ಅಡುಗೆಮನೆಯಲ್ಲಿ ಗುನುಗಿಕೊಂಡು ಓಡಾಡುತ್ತಿದ್ದ. ಗಿರಾಕಿಗಳ ನೂರು ಹೊಗಳಿಕೆಗೂ ಹೆಂಡತಿಯ ಒಂದು ಪರವಾಗಿಲ್ಲಕ್ಕೂ ಅವನ ತಕ್ಕಡಿಯಲ್ಲಿ ಹೋಲಿಕೆಯೇ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಬಂದ ಜ್ವರ ವಾರದಲ್ಲಿ ಬಿಟ್ಟಿತು, ಹೋಗುವಾಗ ಅವನ ಮೂಗನ್ನೂ ನಾಲಿಗೆಯನ್ನೂ ಕಟ್ಟಿಕೊಂಡು ಹೋಯಿತು. ಮೊದಮೊದಲು ಅವನು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಅಡುಗೆಮನೆಗೆ ಹೋದಾಗ, ಹಸಿ ಬೆಳ್ಳುಳ್ಳಿಯನ್ನು ಜಜ್ಜಿ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಿಂತಿದ್ದ.

"ಏನ್ರೀ ಇದು, ಹುಚ್ಚಾ?" ಅಂದಳು.

"ಉರೀತಾ ಇದೆ ಅಂತ ಕಣ್ಣಿಗೆ ಗೊತ್ತಾಗ್ತಿದೆ," ಎಂದ ಅವನು. "ಬಾಯಿಗೆ ಏನೂ ಗೊತ್ತಾಗ್ತಿಲ್ಲ ಕಣೇ. ಸೀಮೆಸುಣ್ಣ ಅಗಿದ ಹಾಗಿದೆ."

ಅವಳು ಹೆದರಿದರೂ ಗದರಿಸಿಯೇ ಮಾತಾಡಿದಳು, ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ. "ಬರುತ್ತೆ ಬಿಡ್ರೀ. ಎಲ್ಲಿ ಹೋಗುತ್ತೆ? ಅಲ್ಲೀವರೆಗೆ ನಾನು ನೋಡಿ ಹೇಳ್ತೀನಿ."

"ನೀನಾ?" ಅವನು ಅಳುವುದನ್ನು ಬಿಟ್ಟು ನಕ್ಕುಬಿಟ್ಟ. ಮತ್ತೆ ಗಂಭೀರನಾದ. "ಸರಿ. ನಿನ್ನ ನಾಲಿಗೆಗೆ ರುಚಿ ಗೊತ್ತಿಲ್ಲ, ಆದ್ರೆ ಸುಳ್ಳೂ ಗೊತ್ತಿಲ್ಲ. ಅಷ್ಟು ಸಾಕು ನನಗೆ. ಯಾವತ್ತೂ ನನ್ನ ಮನಸ್ಸು ನೋಯುತ್ತೆ ಅಂತ ಮಾತು ಬದಲಾಯಿಸ್ಬಾರದು. ಕೆಟ್ಟಿದ್ರೆ ಕೆಟ್ಟಿದೆ ಅನ್ನು."

"ಅದನ್ನ ನನಗೆ ಹೇಳಿಕೊಡ್ಬೇಕಾ?" ಅಂದಳು ಅಕ್ಕ.

ಅಂದಿನಿಂದ ಹೊಸ ರೂಢಿ ಶುರುವಾಯಿತು. ಬಡಿಸುವ ಮುಂಚೆ ಕಿಂಡಿಯಿಂದ ಒಂದು ಚಮಚ ಹೊರಗೆ ಬರುತ್ತಿತ್ತು. ಅಕ್ಕ ಊದಿಕೊಂಡು ಕುಡಿದು, ಗಿರಾಕಿಗಳಿಗೆ ಬೆನ್ನು ಮಾಡಿ, ಉಪ್ಪು ಸಾಲದು, ಹುಳಿ ಜಾಸ್ತಿ, ಇನ್ನೂ ಬೇಯಬೇಕು ಎಂದು ಪಿಸುಗುಟ್ಟುತ್ತಿದ್ದಳು. ಭಾವ ಒಳಗೆ ಅದರಂತೆ ಮಾಡುತ್ತಿದ್ದ. ಈ ಗುಟ್ಟು ಇಬ್ಬರ ನಡುವೆಯೇ ಇರಬೇಕೆಂದು ಮಾತಾಗಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಹತ್ತಿರ ಅವರಿಬ್ಬರೂ ಮದುವೆಯಾದ ಹೊಸದರಲ್ಲಿಯೂ ಇರಲಿಲ್ಲ. ಅವಳಿಗೆ ಆ ಚಮಚ ಬರುವ ಹೊತ್ತು ಒಂದು ಬಗೆಯ ಸಂತೋಷವೂ ಆಗುತ್ತಿತ್ತು, ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತಿತ್ತು.

ಸಪ್ಪೆ ತಿಂದು ಬೆಳೆದ ನಾಲಿಗೆ ಸಪ್ಪೆಯನ್ನೇ ಸರಿ ಎನ್ನುತ್ತದೆ. ಇದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲು ಅಕ್ಕನ ಕಣ್ಣಿಗೆ ಬಿದ್ದದ್ದು ಮೇಜು ಒರೆಸುವಾಗ. ಬಟ್ಟೆಯಡಿ ಏನೋ ಗರಗರ ಅಂದಿತು. ಬೆರಳಿಗೆ ಅಂಟಿಸಿಕೊಂಡು ನೋಡಿದರೆ ಉಪ್ಪಿನ ಹರಳು. ಉಪ್ಪೇ ಇಲ್ಲದ ಮೇಜಿನ ಮೇಲೆ ಉಪ್ಪೆಲ್ಲಿಂದ ಬಂತು? ಮಾರನೆಯ ದಿನ ಇನ್ನೊಂದು ಮೇಜಿನ ಮೇಲೂ ಹಾಗೆಯೇ. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಿಟಕಿಯ ಪಕ್ಕದ ಮೇಜಿನ ದರ್ಜಿ, ಅವಳು ಅತ್ತ ತಿರುಗಿದ್ದಾಳೆಂದುಕೊಂಡು, ಅಳತೆ ಟೇಪು ಇಡುವ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಸೂಪಿನ ಮೇಲೆ ಚಿಟಿಕೆ ಉದುರಿಸಿ, ಕಳ್ಳನ ಹಾಗೆ ಮತ್ತೆ ಜೇಬಿಗೆ ಸೇರಿಸಿದ.

ಅಕ್ಕ ಹೋಗಿ ಅವನೆದುರು ನಿಂತಳು. "ಏನದು ಜೇಬಲ್ಲಿ?"

ದರ್ಜಿಗೆ ನೆಲ ಬಿರಿದು ನುಂಗಬಾರದೆ ಅನ್ನಿಸಿತು. "ಅಕ್ಕಾ, ಭಾವಂಗೆ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ನಾನೊಬ್ನೇ ಅಲ್ಲ..." ಎಂದ.

ಅಕ್ಕ ಸುತ್ತ ನೋಡಿದಳು. ಮೂಲೆ ಮೇಜಿನ ಟೀಚರಮ್ಮ ಕೈಚೀಲವನ್ನು ತೊಡೆಯ ಮೇಲೆ ಮುಚ್ಚಿಕೊಂಡರು. ಬಸ್ ಡ್ರೈವರ್ ಚಾವಣಿ ನೋಡತೊಡಗಿದ. ಎಲ್ಲರ ಹತ್ತಿರವೂ ಪೊಟ್ಟಣವಿತ್ತು. ಯಾರೂ ಸಭೆ ಸೇರಿ ತೀರ್ಮಾನಿಸಿದ್ದಲ್ಲ. ಒಬ್ಬರು ತಂದದ್ದನ್ನು ಇನ್ನೊಬ್ಬರು ನೋಡಿ, ಮನೆಯಿಂದ ಬರುವಾಗ ಬೀಗದ ಕೈ ಮರೆಯದಂತೆ ಉಪ್ಪನ್ನೂ ಮರೆಯದೆ ತರುತ್ತಿದ್ದರು. ಬಿಟ್ಟು ಬೇರೆ ಕಡೆ ಊಟಕ್ಕೆ ಹೋಗಬಹುದಿತ್ತು. ಎದುರಿನ ರಸ್ತೆಯಲ್ಲಿ ದೀಪಗಳನ್ನು ಇಳಿಬಿಟ್ಟ ಹೊಸ ಹೋಟೆಲು ಬಂದಿತ್ತು. ಹೋಗಲಿಲ್ಲ. ಅಥವಾ ಒಬ್ಬರಾದರೂ ಕಿಂಡಿಯ ಹತ್ತಿರ ಹೋಗಿ, ಭಾವಾ ಉಪ್ಪು ಕಡಿಮೆ ಅನ್ನಬಹುದಿತ್ತು. ಅದನ್ನೂ ಮಾಡಲಿಲ್ಲ. ಒಳ್ಳೆಯ ಜನರ ಜೊತೆ ಬಾಳುವುದು ಎಷ್ಟು ಕಷ್ಟ ನೋಡಿ. ಕೆಟ್ಟವರಾದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಾರೆ, ವಿಷಯ ಅಲ್ಲಿಗೆ ಇತ್ಯರ್ಥವಾಗುತ್ತದೆ.

ಟೀಚರಮ್ಮ ಅಕ್ಕನ ಕೈ ಹಿಡಿದು ಮೆಲ್ಲಗೆ, "ಭಾವಂಗೆ ವಯಸ್ಸಾಗ್ತಿದೆ, ಆಗುತ್ತೆ. ನಾವೇನು ರುಚಿಗೆ ಮಾತ್ರ ಬರ್ತೀವಾ ಇಲ್ಲಿಗೆ?" ಅಂದರು. ಸಮಾಧಾನಕ್ಕೆ ಹೇಳಿದ ಮಾತು ಅಕ್ಕನಿಗೆ ಚೂರಿಯಂತೆ ನಾಟಿತು. ಅವನು ರುಚಿಗೆ ಮಾತ್ರ ಬದುಕಿದವನು. ವಯಸ್ಸಾದದ್ದು ಭಾವನಿಗಲ್ಲ, ತಪ್ಪು ನನ್ನ ನಾಲಿಗೆಯದು ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಅವನ ಗುಟ್ಟು ರಟ್ಟಾಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡಳು. ಅಂದಿನಿಂದ ಚಮಚ ಬಂದಾಗಲೆಲ್ಲ ತನಗೆ ಸರಿ ಅನ್ನಿಸಿದ ಮೇಲೂ "ಇನ್ನೊಂದು ಚಿಟಿಕೆ ಹಾಕಿ" ಅನ್ನತೊಡಗಿದಳು. ಎಷ್ಟು ಚಿಟಿಕೆ ಎಂಬುದು ಅಂದಾಜು, ಒಂದು ದಿನ ಹತ್ತಿರ ಬಂದರೆ ಇನ್ನೊಂದು ದಿನ ಎತ್ತಲೋ ಹೋಗುತ್ತಿತ್ತು. ಜನ ಪೊಟ್ಟಣ ತರುವುದನ್ನು ಬಿಡಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಈರುಳ್ಳಿ ಸೀದುಹೋಯಿತು. ಬರೀ ಸೀಯುವುದಲ್ಲ, ಬಾಣಲೆಗೆ ಬೆಂಕಿ ಹತ್ತಿ ಕಪ್ಪು ಹೊಗೆ ಕಿಂಡಿಯಿಂದ ಊಟದ ಕೋಣೆಗೆ ನುಗ್ಗಿತು. ಭಾವ ಒಲೆಗೆ ಬೆನ್ನು ಮಾಡಿ ಆರಾಮವಾಗಿ ಆಲೂಗಡ್ಡೆ ಸುಲಿಯುತ್ತಿದ್ದ. ಡ್ರೈವರ್ ಓಡಿಹೋಗಿ ಒದ್ದೆ ಗೋಣಿ ಹಾಕದಿದ್ದರೆ ಅವನ ಅಂಗಿಗೂ ಹತ್ತಿಕೊಳ್ಳುತ್ತಿತ್ತು. "ವಾಸನೆ ಬರ್ಲಿಲ್ವಾ ಭಾವ?" ಎಂದು ಡ್ರೈವರ್ ಬೆಪ್ಪಾಗಿ ಕೇಳಿದ. ಭಾವ ಗೋಣಿಯ ಅಂಚು ಎತ್ತಿ ಬಾಣಲೆ ನೋಡಿದ. ಬೀದಿಗೆ ಅವತ್ತು ನಿಜ ವಿಷಯ ಗೊತ್ತಾಯಿತು. ಗೊತ್ತಾಗಿದೆ ಎಂಬುದನ್ನು ಮಾತ್ರ ಯಾರೂ ತೋರಿಸಿಕೊಳ್ಳಲಿಲ್ಲ.

ಅಕ್ಕ ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಮೂಗಿಗೆ ದೀಪ ಬಿಟ್ಟು ನೋಡಿ, ಹತ್ತಾರು ಸೀಸೆ ಮೂಸಿಸಿ, ಕೊನೆಗೆ ಕುರ್ಚಿಗೆ ಒರಗಿ ಕೂತರು. ನರಕ್ಕೆ ಏಟಾಗಿದೆ, ಇಷ್ಟು ತಿಂಗಳಾದ ಮೇಲೆ ಮರಳಿ ಬರುವ ಆಸೆ ಇಟ್ಟುಕೊಳ್ಳಬೇಡಿ ಎಂದರು. ಒಳ್ಳೆಯ ಮನುಷ್ಯ. ಬಾಗಿಲವರೆಗೆ ಬಂದು, "ಬಹಳ ಜನ ಹೀಗೇ ಬದುಕ್ತಿದ್ದಾರೆ" ಎಂದೂ ಹೇಳಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಭಾವ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದ: "ನೀನಿದ್ದೀಯಲ್ಲ, ನೋಡೋಣ. ಆದ್ರೆ ಒಂದು ಮಾತು. ಇನ್ನೊಂದ್ಸಲ ನನ್ನ ಕೈಯಲ್ಲಿ ಅಡುಗೆ ಕೆಟ್ರೆ, ಆವತ್ತೇ ಒಲೆ ಆರಿಸಿಬಿಡ್ತೀನಿ. ಜನಕ್ಕೆ ಹೊಲಸು ಬಡಿಸಿ ಬದುಕೋದಿಲ್ಲ ನಾನು."

ಇದು ಸುಮ್ಮನೆ ಆಡಿದ ಮಾತಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಅವಳ ಮಾವ ಹೀಗೆಯೇ ಇದ್ದಕ್ಕಿದ್ದಂತೆ ಬಡಗಿ ಕೆಲಸ ಬಿಟ್ಟವರು. ಕೈ ನಡುಗುತ್ತದೆಂದು ಉಳಿಗಳನ್ನೆಲ್ಲ ಕೊಟ್ಟು, ಗೋಡೆಯ ಕಡೆ ಕುರ್ಚಿ ಹಾಕಿಕೊಂಡು ಕೂತರು. ಕಾಯಿಲೆ ಇರಲಿಲ್ಲ, ಕಸಾಲೆ ಇರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಕೂತಲ್ಲೇ ತೀರಿಕೊಂಡರು. ಆ ಕುರ್ಚಿಯಲ್ಲಿ ಗಂಡನನ್ನು ಮನಸ್ಸಿನಲ್ಲೇ ಕೂರಿಸಿ ನೋಡಿಕೊಂಡು ಅಕ್ಕ ಬಸ್ಸಿನಲ್ಲೇ ಬೆವತಳು. ಒಲೆ ಆರಬಾರದು. ಏನೇ ಆಗಲಿ ಆ ಒಲೆ ಆರಬಾರದು. ಅವಳಿಗೆ ಅದೊಂದೇ ಜಪವಾಯಿತು.

ಹೊಗೆ ಹಿಡಿದ ಅಡುಗೆಮನೆಯನ್ನು ಅವಳೇ ಶನಿವಾರ ಇಡೀ ದಿನ ಉಜ್ಜಿದಳು. ಗೋಡೆ ತಿಕ್ಕಿದಳು, ಒಲೆಯ ಪಕ್ಕದ ಹಲಗೆ ಇಳಿಸಿ ತೊಳೆದಳು, ಡಬ್ಬಿಗಳ ಜಿಡ್ಡು ತೆಗೆದು ಒಣಗಿಸಿ ಮತ್ತೆ ಸಾಲಾಗಿ ಜೋಡಿಸಿದಳು. ಭಾವ ಅಡುಗೆ ಮಾಡುವಾಗ ಹಲಗೆಯ ಕಡೆ ನೋಡುವವನಲ್ಲ. ಅವನ ಕೈಗೇ ಕಣ್ಣಿತ್ತು. ಎಡಗೈ ಚಾಚಿದರೆ ಮೊದಲು ಸಿಗುವುದು ಉಪ್ಪು, ಅದರಾಚೆ ಸಕ್ಕರೆ, ಅದರಾಚೆ ಮೆಣಸು. ಅಕ್ಕ ಆ ಅಡುಗೆಮನೆಯಲ್ಲಿ ಪಾತ್ರೆ ತೊಳೆದವಳೇ ಹೊರತು ಒಲೆಯ ಮುಂದೆ ನಿಂತವಳಲ್ಲ. ಸಕ್ಕರೆ ಮೊದಲಿಟ್ಟಳು, ಉಪ್ಪು ಆಮೇಲೆ.

ಭಾನುವಾರ ಮಧ್ಯಾಹ್ನ ಆರು ಮೇಜೂ ತುಂಬಿತ್ತು. ಬೆಂಕಿಯ ವಿಷಯ ಕೇಳಿ ಜನ ಬೇಕೆಂದೇ ಬಂದಿದ್ದರು, ಕಾಯಿಲೆಯಾದವರನ್ನು ನೋಡಲು ಸಂಬಂಧಿಕರು ಬರುವ ಹಾಗೆ. ಟೀಚರಮ್ಮ ಮಗಳನ್ನೂ ಅಳಿಯನನ್ನೂ ಕರೆತಂದಿದ್ದರು. ಕೋಣೆಯಲ್ಲಿ ನಗು, ಕುರ್ಚಿ ಎಳೆಯುವ ಸದ್ದು. ಬಹಳ ದಿನದ ಮೇಲೆ ಭಾವ ಒಳಗೆ ಗುನುಗುತ್ತಿದ್ದ.

ಕಿಂಡಿಯಿಂದ ಚಮಚ ಬಂತು. ಅವಳು ಊದಿ ಕುಡಿದಳು.

ಸೂಪು ಪಾಯಸದಂತೆ ಸಿಹಿಯಾಗಿತ್ತು. ಕಾಳು, ಈರುಳ್ಳಿ, ಮೆಣಸು, ಅದರ ಮೇಲೆ ಆ ಸಿಹಿ. ಹುಲ್ಲು ಹಾಕಿದರೂ ತಿನ್ನುವ ಅಕ್ಕನೂ ಅದನ್ನು ಕಷ್ಟಪಟ್ಟು ನುಂಗಿದಳು. ತಾನು ಜೋಡಿಸಿದ ಡಬ್ಬಿಗಳು ಕಣ್ಣ ಮುಂದೆ ಬಂದವು. ಕಿಂಡಿಯಾಚೆ ಭಾವ ಅವಳ ಮುಖವನ್ನೇ ನೋಡುತ್ತಿದ್ದ.

"ಹೇಗಿದೆ?"

ಕೆಟ್ಟಿದೆ, ಚೆಲ್ಲಿ ಅನ್ನಬೇಕಿತ್ತು. ತಪ್ಪು ನಿಮ್ಮದಲ್ಲ, ಡಬ್ಬಿ ಅದಲುಬದಲು ಮಾಡಿದ್ದು ನಾನು ಅನ್ನಬೇಕಿತ್ತು. ಅಂದಿದ್ದರೆ ಅವನು ಬೈದು, ಕೂಗಾಡಿ, ಇನ್ನೊಂದು ಪಾತ್ರೆ ಇಡುತ್ತಿದ್ದನೋ ಏನೋ. ಈ ಮಾತು ಆಮೇಲೆ ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ ಲೆಕ್ಕವಿಲ್ಲ. ಆದರೆ ಆ ಗಳಿಗೆಯಲ್ಲಿ ಅವಳಿಗೆ ಕಂಡದ್ದು ಗೋಡೆಗೆ ಮುಖ ಮಾಡಿದ ಕುರ್ಚಿ ಒಂದೇ. ಅವಳು ಚಮಚ ಹಿಂದಕ್ಕೆ ಕೊಟ್ಟು, ಮುಖದ ತುಂಬ ನಗು ತಂದುಕೊಂಡು ಹೇಳಿದಳು:

"ಚೆನ್ನಾಗಿದೆ. ಬಹಳ ಚೆನ್ನಾಗಿದೆ ರೀ."

ಭಾವ ಸೂಪನ್ನು ಬಟ್ಟಲುಗಳಿಗೆ ಸುರಿದು ಕಿಂಡಿಯಲ್ಲಿ ಸಾಲಾಗಿ ಇಟ್ಟ. ಗುನುಗು ನಿಂತಿತ್ತು. ಅವಳು ಗಮನಿಸಲಿಲ್ಲ.

ಅವಳು ಬಟ್ಟಲು ಇಡುತ್ತಾ ಒಂದೊಂದು ಮೇಜಿನ ಹತ್ತಿರವೂ ಬಗ್ಗಿ ಪಿಸುಗುಟ್ಟಿದಳು. "ಸಕ್ಕರೆ ಬಿದ್ದಿದೆ. ನನ್ನ ತಪ್ಪು. ಅವರಿಗೆ ಗೊತ್ತಿಲ್ಲ. ಹೇಗಾದ್ರೂ ಮಾಡಿ ಕುಡಿದುಬಿಡ್ರಪ್ಪಾ, ಇಲ್ಲ ಅಂದ್ರೆ ಇವತ್ತೇ ಹೋಟ್ಲು ಮುಚ್ತಾರೆ." ಯಾರೂ ಎದುರು ಮಾತಾಡಲಿಲ್ಲ. ದರ್ಜಿ ಕಣ್ಣು ಮುಚ್ಚಿ ಔಷಧದಂತೆ ಎತ್ತಿ ಕುಡಿದ. ಡ್ರೈವರ್ ಬ್ರೆಡ್ಡನ್ನು ಅದ್ದಿ ಅದ್ದಿ ಮುಗಿಸಿದ. ಟೀಚರಮ್ಮನ ಅಳಿಯ ಹೊಸಬ, ಮುಖ ಕಿವುಚಿದ. ಮಗಳು ಮೇಜಿನಡಿ ಅವನ ಕಾಲು ತುಳಿದಳು. ಅವನೂ ಕುಡಿದ. ಅಷ್ಟು ಸಾಲದೆಂದು ಡ್ರೈವರ್, ಕಿಂಡಿಗೆ ಕೇಳಲೆಂದೇ, "ಭಾವಾ, ಇವತ್ತಿನ ಸೂಪಿಗೆ ಎರಡು ಮಾತಿಲ್ಲ! ಇನ್ನೊಂದು ಬಟ್ಟಲು ಬರ್ಲಿ!" ಎಂದು ಕೂಗಿದ. ಉಳಿದವರೂ ಹೌದು ಹೌದೆಂದು ದನಿಗೂಡಿಸಿದರು. ಅಕ್ಕನಿಗೆ ಆ ಜನರ ಕಾಲು ಮುಟ್ಟಿ ನಮಸ್ಕರಿಸಬೇಕೆನ್ನಿಸಿತು. ಗೆದ್ದೆ, ಅಂದುಕೊಂಡಳು.

ಅವಳು ತಿರುಗಿ ನೋಡಿದಾಗ ಭಾವ ಕಿಂಡಿಯಲ್ಲಿ ನಿಂತು ಊಟದ ಕೋಣೆಯನ್ನೇ ನೋಡುತ್ತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಊಟ ಮುಗಿಸಿ ಎಲ್ಲರೂ ಹೋದ ಮೇಲೆ ಅವನು ಹೊರಗೆ ಬಂದು ಖಾಲಿ ಮೇಜೊಂದರ ಮುಂದೆ ಕೂತ. ಮುಂದೆ, ಎಡಗೈಗೆ ಮೊದಲು ಸಿಗುತ್ತಿದ್ದ ಆ ಡಬ್ಬಿ ಇಟ್ಟುಕೊಂಡಿದ್ದ. ಬೆರಳನ್ನು ನೀರಲ್ಲಿ ಅದ್ದಿ, ಡಬ್ಬಿಗೆ ಹಾಕಿ, ಎರಡು ಬೆರಳನ್ನು ಒತ್ತಿ ಬಿಡಿಸಿ ತೋರಿಸಿದ. ಅಂಟುತ್ತಿತ್ತು.

"ಉಪ್ಪು ಹೀಗೆ ಅಂಟಲ್ಲ," ಎಂದ.

ಅಕ್ಕ ಕೈಯಲ್ಲಿದ್ದ ಬಟ್ಟಲುಗಳನ್ನು ಎದೆಗೆ ಒತ್ತಿ ಹಿಡಿದಳು. "ಯಾವಾಗ ಗೊತ್ತಾಯ್ತು?"

"ನೀನು ಚೆನ್ನಾಗಿದೆ ಅಂದಾಗ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಜೊತೆ ಇಷ್ಟು ವರ್ಷ ಬಾಳಿದ್ದೀಯ. ಒಂದು ದಿನ ಆ ಮಾತು ನಿನ್ನ ಬಾಯಿಂದ ಬಂದಿಲ್ಲ. ಪರವಾಗಿಲ್ಲ ಅಂದಿದ್ರೆ ನಂಬಿಬಿಡ್ತಿದ್ದೆ. ಯಾರಾದ್ರೂ ಬಂದು ಹೇಳ್ತಾರಾ ನೋಡೋಣ ಅಂತಲೇ ಬಡಿಸಿದೆ."

"ಡಬ್ಬಿ ಜೋಡಿಸಿದ್ದು ನಾನು ರೀ. ನಿಮ್ಮ ತಪ್ಪಲ್ಲ. ನೀವು ಒಲೆ ಆರಿಸ್ತೀರ ಅಂತ ಹೆದರಿಕೊಂಡೆ..."

"ತಪ್ಪು ಯಾರದಾದ್ರೇನು ಬಿಡು. ಅವರು ಕುಡಿದ್ರು ನೋಡು, ಅದನ್ನ ಹೇಳ್ತಿದ್ದೀನಿ. ಎಲ್ಲರೂ ಕುಡಿದ್ರು. ಇನ್ನೊಂದು ಬಟ್ಟಲು ಕೇಳಿದ್ರು." ಅವನು ಬೆರಳನ್ನು ಮೇಜಿನ ಅಂಚಿಗೆ ಒರೆಸಿದ. "ಮಣ್ಣು ಕಲಸಿ ಕೊಟ್ಟಿದ್ರೂ ಕುಡೀತಿದ್ರು. ಎಷ್ಟು ದಿನದಿಂದ ಹೀಗೆ?"

ಅವಳು ಈ ಸಲ ನಿಜ ಹೇಳಿದಳು. ಪೊಟ್ಟಣಗಳ ವಿಷಯ, ತನ್ನ ಸಪ್ಪೆ ನಾಲಿಗೆಯ ವಿಷಯ, ಅಂದಾಜಿನ ಚಿಟಿಕೆಗಳ ವಿಷಯ, ಎಲ್ಲವನ್ನೂ. ಹೇಳುತ್ತಾ ಹೇಳುತ್ತಾ ಅತ್ತಳು. ಅವನು ಬೈಯಲೆಂದು ಕಾದಳು. ಪಾತ್ರೆ ಎಸೆಯಲಿ, ತನ್ನ ತವರನ್ನೆಲ್ಲ ಜಾಲಾಡಲಿ. ಅವನು ಎದ್ದು, "ಆಯ್ತಮ್ಮ, ಸುಸ್ತಾಗಿದ್ದೀಯ, ಕೂತ್ಕೋ" ಎಂದು ಅವಳ ಕೈಯಿಂದ ಬಟ್ಟಲು ತೆಗೆದುಕೊಂಡು ಒಳಗೆ ಹೋದ. ಗಿರಾಕಿಗಳ ಜೊತೆ ಮಾತಾಡುವಾಗ ಇರುವಂಥ ದನಿ.

ಅವನು ಒಲೆ ಆರಿಸಲಿಲ್ಲ. ಆರಿಸಿದ್ದರೆ ಅವಳು ಜಗಳವಾಡಬಹುದಿತ್ತು. ಸೋಮವಾರ ಬೆಳಿಗ್ಗೆ ಅವನೇ ಪೇಟೆಗೆ ಹೋಗಿ ಆರು ಉಪ್ಪಿನ ಡಬ್ಬಿ ತಂದು, ಮೇಜಿಗೊಂದರಂತೆ ಇಟ್ಟ. ಅಳತೆ ಲೋಟ, ಅಳತೆ ಚಮಚ, ಸಣ್ಣ ತಕ್ಕಡಿ ತಂದ. ಉಪ್ಪನ್ನು ಔಷಧದಂಗಡಿಯವನ ಹಾಗೆ ತೂಗಿ ಹಾಕತೊಡಗಿದ. ಅಕ್ಕ ಎಂದಿನಂತೆ ಕಿಂಡಿಯ ಹತ್ತಿರ ಹೋಗಿ ನಿಂತಳು. ಚಮಚ ಬರಲಿಲ್ಲ. ಕೈ ಚಾಚಿದಳು.

"ಬೇಡಮ್ಮ," ಎಂದ ಭಾವ. "ಅಳತೆ ಇದೆಯಲ್ಲ."

ಜನ ಬರುತ್ತಲೇ ಇದ್ದರು. ಪೊಟ್ಟಣಗಳು ಹೋದವು. ಉಪ್ಪಿನ ಡಬ್ಬಿಯನ್ನು ಮುಟ್ಟಲು ಮಾತ್ರ ಮೊದಮೊದಲು ಯಾರಿಗೂ ಕೈ ಬರಲಿಲ್ಲ. ಅಡುಗೆ ಕೆಟ್ಟದಾಗಿರಲಿಲ್ಲ, ಒಳ್ಳೆಯದೂ ಆಗಿರಲಿಲ್ಲ, ಯಾವ ಊರಿನ ಯಾವ ಹೋಟೆಲಿನಲ್ಲಾದರೂ ಸಿಗುವಂತಿತ್ತು. ತಪ್ಪಿತಸ್ಥರಂತೆ ಜನ ಮೊದಲಿಗಿಂತ ಜಾಸ್ತಿ ಹೊಗಳುತ್ತಿದ್ದರು. ಭಾವ ಎಲ್ಲರಿಗೂ "ಸಂತೋಷ, ಬರ್ತಾ ಇರಿ" ಎನ್ನುತ್ತಿದ್ದ. ಯಾರೂ ಅವನ ಹೊಟ್ಟೆಯ ಬಗ್ಗೆ, ಬೋಳುತಲೆಯ ಬಗ್ಗೆ ಗೇಲಿ ಮಾಡುತ್ತಿರಲಿಲ್ಲ. ಅಕ್ಕ ಬೇಕೆಂದೇ ತಟ್ಟೆ ಬೀಳಿಸಿದರೂ, ಖಾರವಾಗಿ ನಾಲ್ಕು ಮಾತು ಆಡಿದರೂ, "ಪರವಾಗಿಲ್ಲ ಬಿಡಮ್ಮ" ಎಂದು ಅವನೇ ಚೂರುಗಳನ್ನು ಆರಿಸುತ್ತಿದ್ದ. ಮನೆಯಲ್ಲೂ ಅಷ್ಟೆ. ಜಪ್ಪಯ್ಯ ಅಂದರೂ ಜಗಳಕ್ಕೆ ಬರುತ್ತಿರಲಿಲ್ಲ. ಗೋಡೆಯ ಕಡೆ ಕುರ್ಚಿ ಹಾಕಿಕೊಳ್ಳದೆಯೂ ಮನುಷ್ಯ ಗೋಡೆಯ ಕಡೆ ತಿರುಗಿ ಕೂರಬಹುದೆಂದು ಅವಳಿಗೆ ಆಗ ಗೊತ್ತಾಯಿತು.

ಹೀಗೇ ಬೇಸಿಗೆ ಕಳೆಯಿತು. ಗಾಳಿ ತಣ್ಣಗಾದ ಹೊಸದರಲ್ಲಿ ಒಂದು ಮಧ್ಯಾಹ್ನ, ಏನಾಯಿತೋ ಹೇಳಲು ಬರುವುದಿಲ್ಲ. ಹೊಸ ಫಸಲಿನ ಕಾಳು ಬಂದಿತ್ತೋ, ಈರುಳ್ಳಿ ಹುರಿಯುವಾಗ ಕೈ ಒಂದು ಕ್ಷಣ ತಡೆಯಿತೋ, ತಕ್ಕಡಿ ಕೆಟ್ಟಿತ್ತೋ. ಅಕ್ಕ ಬಟ್ಟಲುಗಳನ್ನು ಮೇಜಿಗೆ ಇಟ್ಟು ಬರುವಷ್ಟರಲ್ಲಿ ಕೋಣೆ ನಿಶ್ಶಬ್ದವಾಗಿತ್ತು. ಮಾತಿಲ್ಲ. ಚಮಚ ಬಟ್ಟಲಿಗೆ ತಾಗುವ ಸದ್ದು ಮಾತ್ರ. ಉಪ್ಪಿನ ಡಬ್ಬಿಗೆ ಯಾರೂ ಕೈ ಚಾಚಲಿಲ್ಲ. ದರ್ಜಿ ತಲೆ ಎತ್ತದೆ ಬಟ್ಟಲ ತಳ ಕೆರೆಯುತ್ತಿದ್ದ.

ಅವಳು ಕಿಂಡಿಯಲ್ಲಿ ಉಳಿದಿದ್ದ ಬಟ್ಟಲಿನಿಂದ ಒಂದು ಗುಟುಕು ಕುಡಿದಳು. ರುಚಿ ಗೊತ್ತಿಲ್ಲದವಳು ಎಂದು ಊರೇ ಹೇಳಲಿ, ತನ್ನ ಗಂಡನ ಕೈಯ ಸೂಪನ್ನು ಗುರುತಿಸದಷ್ಟು ಕೆಟ್ಟ ನಾಲಿಗೆ ಅಲ್ಲ ಅದು. ಅದೇ. ಜ್ವರಕ್ಕೆ ಮುಂಚಿನದು. ಅವಳು ಕಿಂಡಿಯ ಅಂಚು ಹಿಡಿದುಕೊಂಡು ಇನ್ನೊಂದು ಗುಟುಕು ಕುಡಿದಳು.

ಅಷ್ಟರಲ್ಲಿ ದರ್ಜಿ ಎದ್ದು ಬಂದಿದ್ದ. ಕಣ್ಣು ಒದ್ದೆಯಾಗಿತ್ತು. "ಭಾವಾ, ಇವತ್ತು... ಇವತ್ತು ನಿಜವಾಗ್ಲೂ ಬಹಳ ಚೆನ್ನಾಗಿದೆ ಭಾವಾ."

"ಸಂತೋಷ," ಎಂದ ಭಾವ, ಕೈ ಒರೆಸಿಕೊಳ್ಳುತ್ತಾ. "ಬರ್ತಾ ಇರಿ."

"ಅಲ್ಲ ಭಾವಾ, ಹಾಗಲ್ಲ, ಇವತ್ತು..." ಇದ್ದ ಮಾತನ್ನೆಲ್ಲ ದರ್ಜಿ ಹಿಂದೆಯೇ ಖರ್ಚು ಮಾಡಿಬಿಟ್ಟಿದ್ದ. ನಿನ್ನೆಯೂ ಇದನ್ನೇ ಹೇಳಿದ್ದ, ಮೊನ್ನೆಯೂ. ಟೀಚರಮ್ಮ ಬಂದರು, ಅವರೂ ಅದನ್ನೇ ಹೇಳಿದರು. ಭಾವ ಅವರಿಗೂ ತಲೆಯಾಡಿಸಿದ.

ಅಕ್ಕ ಜನರನ್ನು ಸರಿಸಿ ಒಳಗೇ ಹೋದಳು. "ರೀ, ನನ್ನ ಮುಖ ನೋಡಿ. ಸರಿಯಾಗಿ ನೋಡಿ. ಬಂದಿದೆ ರೀ ಇವತ್ತು, ಹಳೇದೇ ಬಂದಿದೆ. ಏನು ಮಾಡಿದ್ರಿ ನೆನಪು ಮಾಡ್ಕೊಳ್ಳಿ, ಬರೆದಿಟ್ಕೊಳ್ಳೋಣ. ನನ್ನ ತಾಯಾಣೆಗೂ ಸುಳ್ಳಲ್ಲ. ಅವತ್ತು ಹೇಳಿದ್ದು ಸುಳ್ಳು, ಇವತ್ತಿಂದು ಅಲ್ಲ."

ಭಾವ ಅವಳ ಮುಖವನ್ನು ನೋಡಿದ. ಅವಳು ಕೇಳಿದಂತೆ ಸರಿಯಾಗಿಯೇ, ಬಹಳ ಹೊತ್ತು ನೋಡಿದ. ಅವಳ ಎದೆಯಲ್ಲಿ ಏನೋ ಹೊತ್ತಿಕೊಂಡಿತು. ನಂಬುತ್ತಾನೆ ಅನ್ನಿಸಿತು.

ಅವನು ಅವಳ ಭುಜ ತಟ್ಟಿದ. "ನೀನು ಒಳ್ಳೆಯವಳು ಕಣಮ್ಮ," ಎಂದ ಮೆಲ್ಲಗೆ. "ಹೋಗು, ಬಟ್ಟಲು ತಾ."

ಆಮೇಲೆ ಅವನು ಪಾತ್ರೆಯನ್ನು ವಾರೆ ಮಾಡಿ, ತಳದಲ್ಲಿ ಉಳಿದಿದ್ದ ಎರಡು ಸೌಟಿನಷ್ಟು ಸೂಪನ್ನು ಅವಳ ಕಣ್ಣೆದುರೇ ಮೋರಿಗೆ ಸುರಿದು, ತೊಳೆಯಲು ನಲ್ಲಿ ತಿರುಗಿಸಿದ.